ಮಾತ್ರೆಯ ಟ್ರಯಲ್ಲೋ, ನಡಿಗೆ-ಊಟದ ಟ್ರಯಲ್ಲೋ?

ಬಿಪಿ ಸ್ವಲ್ಪ ಜಾಸ್ತಿ, ಶುಗರ್ ಗಡಿಯಲ್ಲಿದೆ, ಮನೆಯ ಹಿರಿಯರಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಹುಬ್ಬಳ್ಳಿ-ಧಾರವಾಡದ ಇಂಥವರನ್ನು ಸಂಶೋಧನೆಗೆ, ಅಂದರೆ ಟ್ರಯಲ್‌ಗೆ, ಕರೆದರೆ ಯಾವುದಕ್ಕೆ ಸೇರಬೇಕು?

ಮಾತ್ರೆಯ ಟ್ರಯಲ್‌ನಲ್ಲಿ ನಿಮ್ಮ ಕೆಲಸ ಕಡಿಮೆ. ದಿನಾ ಮಾತ್ರೆ, ಆಗಾಗ ತಪಾಸಣೆ. ಆದರೆ ಸಿಕ್ಕಿದ್ದು ಔಷಧವೋ, ಔಷಧವಿಲ್ಲದ ಅದೇ ಥರದ ಮಾತ್ರೆಯೋ ಎಂದು ಸಾಮಾನ್ಯವಾಗಿ ನಿಮಗೂ ಡಾಕ್ಟರಿಗೂ ಗೊತ್ತಿರುವುದಿಲ್ಲ. 2020ರಲ್ಲಿ ಪ್ರಕಟವಾದ ಟಿಪ್ಸ್-3 ಎಂಬ ಟ್ರಯಲ್ ಹೀಗೇ ನಡೆದಿತ್ತು. ಭಾರತದವರೂ ಸೇರಿ 5,713 ಜನ ಅದರಲ್ಲಿದ್ದರು. ಬಿಪಿ, ಕೊಲೆಸ್ಟ್ರಾಲ್ ಔಷಧಗಳ ಒಂದೇ ಮಾತ್ರೆ ಜೊತೆಗೆ ಆಸ್ಪಿರಿನ್ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಔಷಧವಿಲ್ಲದ ಮಾತ್ರೆಯವರಿಗಿಂತ 31% ಕಡಿಮೆಯಾಯಿತು. ಆಸ್ಪಿರಿನ್‌ನಿಂದ ರಕ್ತಸ್ರಾವದ ಭಯ ಇದ್ದೇ ಇದೆ, ಕೇಳಿಕೊಳ್ಳಿ.

ನಡಿಗೆ-ಊಟದ ಟ್ರಯಲ್‌ನಲ್ಲಿ ಮೈ ಬಗ್ಗಿಸಬೇಕು. ಬೆಳಿಗ್ಗೆ ಉಣಕಲ್ ಕೆರೆ ದಂಡೆಯಲ್ಲಿ ಬಿರುಸಾಗಿ ನಡೆಯಬೇಕು. ಸಂಜೆ ಗಿರ್ಮಿಟ್ ಜೊತೆಗಿನ ಮಿರ್ಚಿ ಬಿಡಬೇಕು. ತಿಂದದ್ದನ್ನು ಬರೆದಿಡಬೇಕು. ಬೇಗ ಬೇಜಾರಾಗುತ್ತದೆ, ನಿಜ. ಆದರೆ 2006ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನ ನೋಡಿ: ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಲ್ಲಿ ಆ ಕಾಯಿಲೆ ಬರುವ ಅಪಾಯವನ್ನು ಜೀವನಶೈಲಿ ಬದಲಾವಣೆ 28.5%, ಶುಗರ್‌ಗೆ ಕೊಡುವ ಮೆಟ್ಫಾರ್ಮಿನ್ ಮಾತ್ರೆ 26.4% ಇಳಿಸಿತು. ಹೆಚ್ಚುಕಡಿಮೆ ಸಮ, ಅಲ್ವಾ? ಅದಕ್ಕೇ ಶುಗರ್ ಇನ್ನೂ ಗಡಿಯಲ್ಲಿರುವವರಿಗೆ ನಾನು ಹೇಳುವುದು ಈ ನಡಿಗೆ-ಊಟದ ಟ್ರಯಲ್ಲನ್ನೇ.

ಬಿಪಿ ಮಾತ್ರೆ ಈಗಾಗಲೇ ನಡೆದಿದ್ದರೆ ಯಾವ ಟ್ರಯಲ್‌ಗಾಗಿಯೂ ಸುಮ್ನೆ ನಿಲ್ಲಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಯಾವುದಕ್ಕೇ ಸೇರಿದರೂ ಒಪ್ಪಿಗೆ ಪತ್ರ ಕನ್ನಡದಲ್ಲೇ ಕೇಳಿ, ಮನೆಗೆ ಒಯ್ದು ಓದಿ. ಸಿಟಿಆರ್‌ಐ (ಭಾರತದ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ, ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ನೋಡಿ. ಹೊಸ ಔಷಧದ ಟ್ರಯಲ್‌ನಿಂದ ಹಾನಿಯಾದರೆ 2019ರ ನಿಯಮದಂತೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. ಬೇಡವೆನಿಸಿದ ದಿನ ಕಾರಣ ಹೇಳದೆ ಹೊರಬರಬಹುದು.