ಇಂಜಿನ್ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ: ಇಎಲ್‌ಎಂ327 ಬ್ಲೂಟೂತ್ ಸ್ಕ್ಯಾನರ್ ಎಷ್ಟು ಕೆಲಸಕ್ಕೆ ಬರುತ್ತದೆ?

ಆಯಿಲ್ ಗೇಜ್ ಎಳೆದು ಮೂಗಿಗೆ ಹಿಡಿದರೆ ಪೆಟ್ರೋಲ್ ಬಂಕಿನ ವಾಸನೆ. ಇಳಿಯಬೇಕಾದ ಮಟ್ಟ ಏರಿದೆ. ಈ ದೂರು ಹಿಡಿದು ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಮದ್ದು ಎರಡೇ: ಆಯಿಲ್ ಬದಲಿಸಿ, ಇಂಜೆಕ್ಟರ್ ಕ್ಲೀನ್ ಮಾಡಿಸಿ. ದುಡ್ಡು ಹೋಗುತ್ತದೆ, ಎರಡು ತಿಂಗಳಿಗೆ ವಾಸನೆ ವಾಪಸ್ ಬರುತ್ತದೆ, ಏಕೆಂದರೆ ಪೆಟ್ರೋಲ್ ಯಾವ ದಾರಿಯಲ್ಲಿ ಚೇಂಬರಿಗೆ, ಅಂದರೆ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ, ಇಳಿಯುತ್ತಿದೆ ಎಂದು ಯಾರೂ ಹುಡುಕಿರುವುದಿಲ್ಲ. ಆ ದಾರಿ ಹುಡುಕಲು, ಕಾರಿನ ಓಬಿಡಿ ಸಾಕೆಟ್ಟಿಗೆ ಚುಚ್ಚಿ ಇಂಜಿನಿನ ಅಂಕಿಗಳನ್ನು ಫೋನಿನಲ್ಲಿ ತೋರಿಸುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಈ ಸ್ಕ್ಯಾನರ್ ಸಾಕೇ? ಮೊದಲೇ ಹೇಳಿಬಿಡುವುದು ಒಳ್ಳೆಯದು: ಅರ್ಧ ದಾರಿ ಚೆನ್ನಾಗಿ ತೋರಿಸುತ್ತದೆ, ಇನ್ನರ್ಧಕ್ಕೆ ಪ್ರೆಷರ್ ಗೇಜು, ಪ್ಲಗ್ ಪಾನಾ, ಮೂಗು ಬೇಕೇ ಬೇಕು. ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಯಾವ ಅಂಕಿ ಯಾವಾಗ ನೋಡಬೇಕೆಂದು ಗೊತ್ತಿರಬೇಕು.

ಸ್ಕ್ಯಾನರ್ ಚುಚ್ಚುವ ಮೊದಲು ಆಯಿಲನ್ನೇ ನೋಡಿ. ಗಾಡಿ ಸಮತಟ್ಟಾದ ಜಾಗದಲ್ಲಿ ರಾತ್ರಿಯಿಡೀ ನಿಂತಿರಲಿ. ಬೆಳಿಗ್ಗೆ ಗೇಜ್ ಒರೆಸಿ, ಅದ್ದಿ, ಮಟ್ಟ ಬರೆದಿಟ್ಟುಕೊಳ್ಳಿ. ಆಮೇಲೆ ಕಡ್ಡಿಯ ತುದಿಯಿಂದ ಒಂದು ಹನಿಯನ್ನು ಕಾಫಿ ಫಿಲ್ಟರ್ ಪೇಪರಿನ ಮೇಲೆ ಬಿಟ್ಟು ಮೂರು ನಾಲ್ಕು ಗಂಟೆ ಹಾಗೇ ಇಡಿ. ನಡುವೆ ಕಪ್ಪು ಚುಕ್ಕೆ, ಸುತ್ತ ಜೇನಿನ ಬಣ್ಣದ ಆಯಿಲ್ ವೃತ್ತ ಮೂಡುವುದು ಸಹಜ. ಅದರಾಚೆಗೆ ತೆಳ್ಳಗೆ, ನೀರು ಹಬ್ಬಿದ ಹಾಗೆ ಇನ್ನೊಂದು ಮಸುಕು ಅಂಚು ಹರಡಿದ್ದರೆ ಪೆಟ್ರೋಲ್ ಬೆರೆತಿರುವ ಸಂಶಯ ಗಟ್ಟಿಯಾಗುತ್ತದೆ. ಚಿಕ್ಕ ಕಾರುಗಳ ಚೇಂಬರಿನಲ್ಲಿ ಮೂರು ಲೀಟರ್ ಆಸುಪಾಸು ಆಯಿಲ್ ಇರುತ್ತದೆ. ಅದರಲ್ಲಿ ಐದು ಪರ್ಸೆಂಟ್ ಅಂದರೆ ನೂರೈವತ್ತು ಮಿಲಿ, ಒಂದು ದೊಡ್ಡ ಲೋಟ. ಅಷ್ಟಕ್ಕೇ ಆಯಿಲ್ ಒಂದು ದರ್ಜೆ ತೆಳುವಾಗಿ, 5ಡಬ್ಲ್ಯೂ-30 ಹಾಕಿದ್ದರೂ 20ರಂತೆ ವರ್ತಿಸುತ್ತದೆ. ಬೇರಿಂಗಿಗೂ ಕ್ಯಾಮಿಗೂ ನಡುವೆ ನಿಲ್ಲಬೇಕಾದ ಪದರ ನಿಲ್ಲುವುದಿಲ್ಲ. ಮಟ್ಟ ಮೇಲಿನ ಗೆರೆಯನ್ನು ಎದ್ದು ಕಾಣುವಷ್ಟು ದಾಟಿದ್ದರೆ ಪರೀಕ್ಷೆಗೆಂದೂ ಗಾಡಿ ಓಡಿಸಬೇಡಿ. ಮೊದಲು ಆಯಿಲ್ ಇಳಿಸಿ. ಇಳಿಸುವಾಗ ಹತ್ತಿರ ಬೀಡಿ, ದೀಪ, ಬಿಸಿ ಬಲ್ಬು ಯಾವುದೂ ಇರಬಾರದು. ಇಳಿಸಿದ್ದನ್ನು ಚರಂಡಿಗೆ ಸುರಿಯದೆ ಹಳೇ ಆಯಿಲ್ ಸಂಗ್ರಹಿಸುವವರಿಗೆ ಕೊಡಿ.

ಈಗ ಸ್ಕ್ಯಾನರ್. ಇಎಲ್‌ಎಂ327 ಎಂಬುದು ಮೂಲದಲ್ಲಿ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡಿದ ಒಂದು ಚಿಪ್‌ನ ಹೆಸರು. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವುದೆಲ್ಲ ಅದರ ನಕಲು. ಡಬ್ಬಿಯ ಮೇಲೆ ವಿ1.5, ವಿ2.1 ಎಂದು ಅಚ್ಚಾಗಿರುತ್ತದೆ. 2.1 ಹೊಸದು ಎಂದು ಎತ್ತಿಕೊಂಡರೆ ತಪ್ಪಾಗುತ್ತದೆ. ಆ ಹೆಸರಿನ ನಕಲುಗಳಲ್ಲಿ ಎಷ್ಟೋ ಆಜ್ಞೆಗಳನ್ನೇ ಬಿಟ್ಟಿರುತ್ತಾರೆ, ಹಳೆಯ ಗಾಡಿಗಳ ಕೆ-ಲೈನ್ (ಇಂಜಿನ್ ಕಂಪ್ಯೂಟರ್ ಜೊತೆ ಮಾತಾಡುವ ಹಳೆಯ, ನಿಧಾನದ ತಂತಿ) ಜೊತೆ ಅವುಗಳಲ್ಲಿ ಹಲವು ಮಾತೇ ಆಡುವುದಿಲ್ಲ. ಬಿಎಸ್-4 ಕಾಲದ ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಹಲವು ಕೆ-ಲೈನಿನವು. ಅವಕ್ಕೆ 1.5 ಎಂದು ಬರೆದ, 18ಎಫ್25ಕೆ80 ಚಿಪ್ ಇರುವ ನಕಲೇ ವಾಸಿ. ಆಂಡ್ರಾಯ್ಡ್ ಫೋನಿಗೆ ಮಾಮೂಲಿ ಬ್ಲೂಟೂತ್ ಸಾಕು. ಐಫೋನಿಗೆ ಬ್ಲೂಟೂತ್ 4.0 ಅಥವಾ ವೈಫೈ ಇರುವುದನ್ನು ಕೇಳಿ ತೆಗೆದುಕೊಳ್ಳಿ. ಪಿನ್ 1234 ಅಥವಾ 0000. ಆ್ಯಪ್‌ಗೆ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್, ಎರಡೂ ಈ ಕೆಲಸಕ್ಕೆ ಆಗುತ್ತವೆ.

ಒಂದು ದೊಡ್ಡ ಕೊರತೆಯನ್ನು ಇಲ್ಲೇ ಹೇಳಬೇಕು. ಕೆ-ಲೈನ್ ಗಾಡಿಯಲ್ಲಿ ಅಂಕಿಗಳು ನಿಧಾನವಾಗಿ ಬರುತ್ತವೆ, ಸೆಕೆಂಡಿಗೆ ಎರಡೋ ಮೂರೋ. ಪರದೆಯ ತುಂಬ ಹತ್ತು ಮೀಟರ್ ಜೋಡಿಸಿಕೊಂಡರೆ ಪ್ರತಿಯೊಂದೂ ನಾಲ್ಕೈದು ಸೆಕೆಂಡು ಹಳೆಯ ಸುದ್ದಿ ಹೇಳುತ್ತದೆ. ಒಂದು ಸಲಕ್ಕೆ ಮೂರೇ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಕಿತ್ತಿಡುವುದನ್ನೂ ಮರೆಯಬೇಡಿ. ಗಾಡಿ ಆಫ್ ಆಗಿದ್ದರೂ ಇದು ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ. ಎರಡು ಮೂರು ವಾರ ನಿಂತ ಗಾಡಿಯ ಬ್ಯಾಟರಿ ಸೆಲ್ಫ್ ಹೊಡೆಯದಷ್ಟು ಇಳಿಯಬಹುದು.

ಮೊದಲ ಅಂಕಿ ಇಂಜಿನ್ ಚಾಲೂ ಮಾಡುವ ಮುಂಚೆಯೇ ಸಿಗುತ್ತದೆ. ಕೀ ಆನ್, ಇಂಜಿನ್ ಆಫ್. ಇನ್‌ಟೇಕ್ ಮ್ಯಾನಿಫೋಲ್ಡ್ ಪ್ರೆಷರ್ ಅಂದರೆ ಮ್ಯಾಪ್ ಸೆನ್ಸರ್ ಏನು ತೋರಿಸುತ್ತಿದೆ ನೋಡಿ. ಇಂಟರ್ನೆಟ್ಟಿನಲ್ಲಿ ಎಲ್ಲರೂ 100, 101 ಕಿಲೋಪಾಸ್ಕಲ್ ಬರಬೇಕು ಎನ್ನುತ್ತಾರೆ. ಅದು ಸಮುದ್ರಮಟ್ಟದ ಲೆಕ್ಕ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ಸರಿಯಾದ ಅಂಕಿ 92, 93. ಮಂಡ್ಯದಲ್ಲಿ ಅದಕ್ಕಿಂತ ಒಂದು ಹೆಚ್ಚು. ಮೈಸೂರಿನಲ್ಲಿ ನಿಂತ ಗಾಡಿ 100 ತೋರಿಸಿದರೆ ಅದು ಒಳ್ಳೆಯ ಸೆನ್ಸರ್ ಅಲ್ಲ, ಸುಳ್ಳು ಹೇಳುವ ಸೆನ್ಸರ್. ಒಳಗೆ ಗಾಳಿ ಜಾಸ್ತಿ ಇದೆ ಎಂದು ನಂಬಿ ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್, ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಬಿಸಿಯಾದ ಮೇಲೆ ಹೊಗೆ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಅದನ್ನು ತಿದ್ದುತ್ತದೆ, ನಿಜ. ಆದರೆ ಬೆಳಗಿನ ತಣ್ಣನೆಯ ಸ್ಟಾರ್ಟಿನಲ್ಲಿ ತಿದ್ದುವವರಿಲ್ಲ. ಹೆಚ್ಚಾದ ಪೆಟ್ರೋಲ್ ಸಿಲಿಂಡರಿನ ಗೋಡೆ ತೊಳೆದುಕೊಂಡು ಕೆಳಗಿಳಿಯುವುದು ಆಗಲೇ. ಅನುಮಾನವಿದ್ದರೆ ಚಾಮುಂಡಿ ಬೆಟ್ಟಕ್ಕೆ ಒಂದು ಸುತ್ತು ಹೋಗಿಬನ್ನಿ. ಮೇಲಿನ ಪಾರ್ಕಿಂಗಿನಲ್ಲಿ ಇಂಜಿನ್ ನಿಲ್ಲಿಸಿ ಕೀ ಆನ್ ಮಾಡಿದರೆ 89ರ ಹತ್ತಿರ ಬರಬೇಕು. ಕೆಳಗೂ ಮೇಲೂ ಒಂದೇ ಅಂಕಿ ಬಂದರೆ ಸೆನ್ಸರ್ ಅಂಟಿಕೊಂಡಿದೆ. ಇಷ್ಟು ಚೊಕ್ಕ ಪರೀಕ್ಷೆ ಮನೆಬಾಗಿಲಲ್ಲಿ ಇರುವುದು ಮೈಸೂರಿನವರ ಅನುಕೂಲ.

ಎರಡನೆಯದು ಕೂಲೆಂಟ್ ಬಿಸಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲೆಂಟ್ ಮತ್ತು ಒಳಬರುವ ಗಾಳಿ, ಎರಡು ಸೆನ್ಸರುಗಳೂ ಎರಡು ಮೂರು ಡಿಗ್ರಿ ಅಂತರದಲ್ಲಿ ಒಂದೇ ಅಂಕಿ ಹೇಳಬೇಕು. ಗಾಳಿ 22, ಕೂಲೆಂಟ್ 5 ಎಂದರೆ ಇಸಿಯು ಇಲ್ಲದ ಚಳಿಗೆ ಹೆದರಿ ಪೆಟ್ರೋಲ್ ಸುರಿಯುತ್ತಿದೆ. ಆಮೇಲೆ ಸ್ಟಾರ್ಟ್ ಮಾಡಿ ಓಡಿಸಿ. ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ ತೆರೆದುಕೊಳ್ಳುವಂಥದ್ದು. ಹತ್ತು ಹನ್ನೆರಡು ನಿಮಿಷ ಓಡಿದರೂ 65ರಲ್ಲೇ ನಿಂತಿದ್ದರೆ, ರಿಂಗ್ ರೋಡಿನಲ್ಲಿ ವೇಗ ಹಿಡಿದಾಗ ಇನ್ನೂ ಇಳಿದರೆ, ಅದು ತೆರೆದೇ ಉಳಿದಿದೆ. ಸ್ಕ್ಯಾನರಿನಲ್ಲಿ ಪಿ0128 ಎಂಬ ದೋಷದ ಕೋಡ್ ಬಂದಿರಲೂಬಹುದು. ಹೀಟ್ ಆಗದಿರಲಿ ಎಂದು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವ ಅಭ್ಯಾಸ ನಮ್ಮ ಕಡೆ ಇನ್ನೂ ಹೋಗಿಲ್ಲ. ಪೆಟ್ರೋಲ್ ವಾಸನೆಯ ದೂರಿಗೆ ಅದೂ ಒಂದು ನೇರ ಕಾರಣ. ಬೇಕಾಗುವ ಸಾಮಾನು ಒಂದು ಥರ್ಮೋಸ್ಟಾಟ್, ಒಂದು ಗ್ಯಾಸ್ಕೆಟ್, ಸ್ವಲ್ಪ ಕೂಲೆಂಟ್, ಅಷ್ಟೇ.

ಎರಡೂ ಅಂಕಿ ಸರಿಯಿದ್ದು, ಗಾಡಿಯ ಕೆಲಸವೇ ಸರಸ್ವತೀಪುರಂನಿಂದ ದೇವರಾಜ ಮಾರ್ಕೆಟ್, ಮಕ್ಕಳ ಸ್ಕೂಲು, ವಾಪಸ್ ಮನೆ ಎಂಬಷ್ಟೇ ಆಗಿದ್ದರೆ, ಕೆಟ್ಟಿರುವುದು ಏನೂ ಇಲ್ಲದಿರಬಹುದು. ಕೂಲೆಂಟ್ 80 ಮುಟ್ಟಿದ ಮೇಲೂ ಆಯಿಲ್ ಅಷ್ಟು ಬಿಸಿಯಾಗಲು ಇನ್ನೂ ಹೊತ್ತು ಬೇಕು. ಮೂರು ನಾಲ್ಕು ಕಿಲೋಮೀಟರಿಗೆ ನಿಲ್ಲಿಸಿದರೆ ಒಳಗಿಳಿದ ಪೆಟ್ರೋಲ್ ಆವಿಯಾಗಿ ಹೋಗುವುದೇ ಇಲ್ಲ, ದಿನಾ ಕೂಡುತ್ತದೆ. ಮಟ್ಟ ಗೆರೆಯೊಳಗಿದ್ದರೆ ವಾರಕ್ಕೊಮ್ಮೆ ಮಂಡ್ಯದವರೆಗೆ ಹೋಗುವಷ್ಟು, ಅಂದರೆ ನಲವತ್ತು ನಿಮಿಷ ಒಂದೇ ಸಮನೆ, ಓಡಿಸಿದರೆ ವಾಸನೆ ಬಹುಮಟ್ಟಿಗೆ ಇಳಿಯುತ್ತದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಟರ್ಬೋ ಇಂಜಿನುಗಳಲ್ಲಿ ಇದು ಇನ್ನೂ ಜಾಸ್ತಿ. ಅಂಥ ಗಾಡಿಗೆ ಕಂಪನಿ ಹೇಳಿದ ಕಿಲೋಮೀಟರ್‌ಗೆ ಕಾಯದೆ ಮುಂಚೆಯೇ ಆಯಿಲ್ ಬದಲಿಸುವುದು ಜಾಣತನ.

ಮೂರನೆಯದು ಫ್ಯೂಯಲ್ ಟ್ರಿಮ್. ಈ ಸ್ಕ್ಯಾನರಿಗೆ ಬೆಲೆ ಬರುವುದು ಇದರಿಂದ. ಎಸ್‌ಟಿಎಫ್‌ಟಿ ಅಂದರೆ ಇಸಿಯು ಈ ಗಳಿಗೆಯಲ್ಲಿ ಮಾಡುತ್ತಿರುವ ತಿದ್ದುಪಡಿ, ಎಲ್‌ಟಿಎಫ್‌ಟಿ ಅಂದರೆ ಬಹಳ ದಿನದಿಂದ ಕಲಿತು ಇಟ್ಟುಕೊಂಡಿರುವ ತಿದ್ದುಪಡಿ. ಎರಡನ್ನೂ ಕೂಡಿಸಿ ಓದಬೇಕು. ಇಂಜಿನ್ ಪೂರ್ತಿ ಬಿಸಿಯಾಗಿ, ಎಸಿ ಆಫ್ ಇದ್ದು, ಐಡ್ಲಿಂಗ್‌ನಲ್ಲಿ ಮೊತ್ತ ಪ್ಲಸ್ ಮೈನಸ್ ಐದು ಪರ್ಸೆಂಟಿನೊಳಗಿದ್ದರೆ ಚಿಂತೆಯಿಲ್ಲ. ಮೈನಸ್ ಹತ್ತು ದಾಟಿದರೆ ಎಲ್ಲಿಂದಲೋ ಬೇಡದ ಪೆಟ್ರೋಲ್ ಬರುತ್ತಿದೆ, ಅದಕ್ಕೆ ಇಸಿಯು ತನ್ನ ಪಾಲು ಕಡಿಮೆ ಮಾಡುತ್ತಿದೆ. ಇನ್ನೂ ಮುಂದೆ ಹೋದರೆ ಪಿ0172, ಅಂದರೆ ಪೆಟ್ರೋಲ್ ಜಾಸ್ತಿ ಎನ್ನುವ ಕೋಡ್.

ಆದರೆ ಆ ಪೆಟ್ರೋಲ್ ಆಯಿಲ್‌ನಿಂದಲೇ ಬರುತ್ತಿರಬಹುದು. ಬಿಸಿ ಆಯಿಲ್‌ನಿಂದ ಏಳುವ ಆವಿ ಪಿಸಿವಿ ವಾಲ್ವ್ ಮೂಲಕ ವಾಪಸ್ ಇನ್‌ಟೇಕಿಗೆ ಹೋಗುತ್ತದೆ. ಅದನ್ನು ಬೇರ್ಪಡಿಸುವುದು ಹೀಗೆ: ಐಡ್ಲಿಂಗ್‌ನಲ್ಲಿ ಎಸ್‌ಟಿಎಫ್‌ಟಿ ನೋಡುತ್ತಾ ಪಿಸಿವಿ ಪೈಪ್ ಕಳಚಿ, ಮ್ಯಾನಿಫೋಲ್ಡ್ ಕಡೆಯ ಬಾಯಿಯನ್ನು ರಬ್ಬರ್ ಬಿರಡೆಯಿಂದ ಮುಚ್ಚಿ. ಮುಚ್ಚದೆ ಬಿಟ್ಟರೆ ಗಾಳಿ ನುಗ್ಗಿ ಅಂಕಿ ಕೆಡುತ್ತದೆ. ಅರ್ಧ ನಿಮಿಷದಲ್ಲಿ ಮೈನಸ್ ಹನ್ನೆರಡು ಇದ್ದದ್ದು ಸೊನ್ನೆಯ ಕಡೆ ಏರಿದರೆ ಆವಿ ಬರುತ್ತಿರುವುದು ಚೇಂಬರಿನಿಂದ. ಅಲುಗದೆ ಅಲ್ಲೇ ನಿಂತರೆ ಮುಂದಿನ ಅನುಮಾನ ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನಿಗೆ ಬಿಡುವ ಪರ್ಜ್ ವಾಲ್ವ್. ಆ ಆವಿ ಹಿಡಿದಿಡುವ ಕ್ಯಾನಿಸ್ಟರಿನಿಂದ ಬರುವ ಸಣ್ಣ ಪೈಪನ್ನು ಇಕ್ಕಳದಿಂದ ಮೆತ್ತಗೆ ಅದುಮಿ ಅದೇ ಅಂಕಿ ನೋಡಿ. ಅದಕ್ಕೂ ಜಗ್ಗದಿದ್ದರೆ ಉಳಿದದ್ದು ಸೋರುವ ಇಂಜೆಕ್ಟರ್, ಜಾಸ್ತಿ ಫ್ಯೂಯಲ್ ಪ್ರೆಷರ್ ಅಥವಾ ಸುಳ್ಳು ಹೇಳುವ ಸೆನ್ಸರ್. ಐಡ್ಲಿಂಗ್‌ನಲ್ಲಿ ಮೈನಸ್ ಇದ್ದು 2500 ಆರ್‌ಪಿಎಂಗೆ ರೇಸ್ ಮಾಡಿದಾಗ ಸೊನ್ನೆಗೆ ಬಂದರೆ ಇಂಜೆಕ್ಟರ್ ಸೋರಿಕೆಯ ಕಡೆ ವಾಲಿ, ಏಕೆಂದರೆ ಸೋರುವ ಹನಿ ಅಷ್ಟೇ, ಕುಡಿಯುವ ಗಾಳಿ ಜಾಸ್ತಿ. ಎರಡೂ ಕಡೆ ಒಂದೇ ಸಮ ಮೈನಸ್ ಇದ್ದರೆ ಪ್ರೆಷರ್ ಅಥವಾ ಸೆನ್ಸರ್.

ಇಲ್ಲೊಂದು ಮೋಸದ ತಿರುವಿದೆ. ಆಯಿಲ್ ಪೆಟ್ರೋಲ್ ನಾರುತ್ತಿದ್ದರೂ ಟ್ರಿಮ್ ಪ್ಲಸ್ ಹದಿನೈದು ತೋರಿಸಬಹುದು. ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಅಲ್ಲಿ ಉರಿಯದ ಪೆಟ್ರೋಲೂ ಉರಿಯದ ಗಾಳಿಯೂ ಸೈಲೆನ್ಸರಿಗೆ ಹೋಗುತ್ತವೆ. ಆಕ್ಸಿಜನ್ ಸೆನ್ಸರಿಗೆ ಕಾಣುವುದು ಗಾಳಿಯಲ್ಲಿನ ಆಕ್ಸಿಜನ್ ಮಾತ್ರ. ಪೆಟ್ರೋಲ್ ಸಾಲದು ಎಂದು ಇಸಿಯು ಎಲ್ಲ ಸಿಲಿಂಡರಿಗೂ ಇನ್ನಷ್ಟು ಬಿಡುತ್ತದೆ. ಸೆನ್ಸರಿನ ಮುಂಚೆ ಎಗ್ಸಾಸ್ಟ್ ಗ್ಯಾಸ್ಕೆಟ್ ಸೋರುತ್ತಿದ್ದರೂ ಇದೇ ಕಥೆ. ಆದ್ದರಿಂದ ಪ್ಲಸ್ ಕಂಡ ಕೂಡಲೇ ಸಮಾಧಾನ ಬೇಡ, ಪಿ0300ರಿಂದ ಪಿ0304ರವರೆಗಿನ ಮಿಸ್ಸಿಂಗ್ ಕೋಡ್ ಇದೆಯೇ ನೋಡಿ, ಕಾಯಿಲ್ ಅದಲುಬದಲು ಮಾಡಿ ಮಿಸ್ಸಿಂಗ್ ಜಾಗ ಬದಲಾಯಿತೇ ನೋಡಿ. ಹಾಗೆಯೇ ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆತ ಇ20 ಪೆಟ್ರೋಲ್ ಲೆಕ್ಕವನ್ನೂ ಇಟ್ಟುಕೊಳ್ಳಿ. ಮಂಡ್ಯದ ಕಬ್ಬಿನ ಸೀಮೆಯವರಿಗೆ ಎಥನಾಲ್ ಹೊಸದಲ್ಲ. ಅದರಲ್ಲೇ ಆಕ್ಸಿಜನ್ ಇರುವುದರಿಂದ ಒಂದು ಕೆಜಿ ಪೆಟ್ರೋಲಿಗೆ ಬೇಕಾದ ಗಾಳಿ 14.7ರಿಂದ ಸುಮಾರು 13.5 ಕೆಜಿಗೆ ಇಳಿಯುತ್ತದೆ. ಹಳೆಯ ಗಾಡಿಯಲ್ಲಿ ಟ್ರಿಮ್ ಮೂರರಿಂದ ಆರು ಪ್ಲಸ್ ಇರುವುದು ಈಗ ಕಾಯಿಲೆಯಲ್ಲ.

ಸ್ಕ್ಯಾನರಿಗೆ ಕಾಣದ ಕಡೆ ಬರೋಣ. ಇಂಜಿನ್ ನಿಂತ ಮೇಲೆ ತೊಟ್ಟಿಕ್ಕುವ ಇಂಜೆಕ್ಟರ್ ಇದಕ್ಕೆ ಕಾಣುವುದಿಲ್ಲ. ಲಕ್ಷಣ ಬೇರೆ ಕಡೆ ಇರುತ್ತದೆ: ಬಿಸಿ ಇಂಜಿನ್ ನಿಲ್ಲಿಸಿ ಇಪ್ಪತ್ತು ನಿಮಿಷಕ್ಕೆ ಮತ್ತೆ ಸ್ಟಾರ್ಟ್ ಮಾಡಿದರೆ ಸೆಲ್ಫ್ ಉದ್ದಕ್ಕೆ ತಿರುಗುತ್ತದೆ, ಹಿಂದಿನಿಂದ ಒಂದು ಕಪ್ಪು ಹೊಗೆ. ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಡಿ, ಮೂರು ಇಟ್ಟಿಗೆ ಬಣ್ಣಕ್ಕಿದ್ದು ಒಂದು ಒದ್ದೆ ಕಪ್ಪಾಗಿದ್ದರೆ ಅದೇ ಸಿಲಿಂಡರ್. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ರೈಲಿಗೆ ಪ್ರೆಷರ್ ಗೇಜ್ ಹಾಕಿ, ಕೀ ಆನ್ ಮಾಡಿ ಆಫ್ ಮಾಡಿ. ಬಹಳಷ್ಟು ಗಾಡಿಗಳಲ್ಲಿ ಮೂರರಿಂದ ನಾಲ್ಕು ಬಾರ್ ಏರುತ್ತದೆ, ಹತ್ತು ನಿಮಿಷ ಬಹುಪಾಲು ನಿಲ್ಲಬೇಕು. ಸರಸರ ಇಳಿದರೆ ಪಂಪಿನ ಚೆಕ್ ವಾಲ್ವ್ ಅಥವಾ ಇಂಜೆಕ್ಟರ್. ಇಂಜೆಕ್ಟರ್ ಕ್ಲೀನಿಂಗಿಗೆ ಕೊಡುವುದಾದರೆ ಲೀಕ್ ಟೆಸ್ಟ್ ಎದುರಿಗೇ ಮಾಡಿಸಿ. ಪ್ರೆಷರಿನಲ್ಲಿ ನಿಮಿಷಕ್ಕೆ ಒಂದು ಹನಿಗಿಂತ ಜಾಸ್ತಿ ಬಿಟ್ಟರೆ ತೊಳೆದು ಪ್ರಯೋಜನವಿಲ್ಲ, ಬದಲಿಸಬೇಕು.

ಸವೆದ ರಿಂಗನ್ನೂ ಇದು ಹೇಳುವುದಿಲ್ಲ, ಅದಕ್ಕೆ ಕಂಪ್ರೆಷನ್ ಗೇಜ್. ನೇರ ಚಿಮ್ಮಿಸುವ ಇಂಜಿನ್‌ನಲ್ಲಿ ಕ್ಯಾಮ್‌ನಿಂದ ನಡೆಯುವ ಹೈಪ್ರೆಷರ್ ಪಂಪಿನ ಸೀಲ್ ಹೋದರೆ ಪೆಟ್ರೋಲ್ ಸೀದಾ ಆಯಿಲಿಗೆ ಇಳಿಯುತ್ತದೆ, ಆ ಪಂಪ್ ಬಿಚ್ಚಿಯೇ ನೋಡಬೇಕು. ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ 800, ಪದ್ಮಿನಿ ಇಟ್ಟುಕೊಂಡವರು ಈ ಸ್ಕ್ಯಾನರ್ ಕೊಳ್ಳುವುದೇ ಬೇಡ, ಚುಚ್ಚಲು ಜಾಗವಿಲ್ಲ. ಅವುಗಳಲ್ಲಿ ಮೊದಲು ನೋಡಬೇಕಾದದ್ದು ಪೆಟ್ರೋಲ್ ಪಂಪಿನ ಹರಿದ ಡಯಾಫ್ರಂ, ಆಮೇಲೆ ಕಾರ್ಬ್ಯುರೇಟರಿನ ನೀಡಲ್ ವಾಲ್ವ್.

ಗ್ಯಾರೇಜಿಗೆ ಹೋಗುವ ಮುಂಚೆ ಕೋಡ್, ಫ್ರೀಜ್ ಫ್ರೇಮ್ (ಕೋಡ್ ಬಿದ್ದ ಗಳಿಗೆಯ ಅಂಕಿಗಳು), ಟ್ರಿಮ್ ಮೂರನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ. ಎಷ್ಟೋ ಕಡೆ ಮೊದಲ ಕೆಲಸವೇ ಕೋಡ್ ಎರೇಸ್ ಮಾಡುವುದು ಅಥವಾ ಬ್ಯಾಟರಿ ಟರ್ಮಿನಲ್ ಕಳಚುವುದು. ಆಮೇಲೆ ಎಲ್‌ಟಿಎಫ್‌ಟಿ ಸೊನ್ನೆಗೆ ಬಂದು ನಿಲ್ಲುತ್ತದೆ, ಇಸಿಯು ತಿಂಗಳುಗಟ್ಟಲೆ ಬರೆದಿಟ್ಟ ಸಾಕ್ಷಿ ಅಳಿಸಿಹೋಗುತ್ತದೆ. ಆ್ಯಪ್‌ನಲ್ಲಿ ಕ್ಲಿಯರ್ ಬಟನ್ ಎದುರಿಗೇ ಇರುವುದರಿಂದ ನೀವೂ ಅದನ್ನು ಒತ್ತಬೇಡಿ.

ಕಾರಣ ಸಿಕ್ಕಿ ಸರಿಪಡಿಸಿದ ಮೇಲೆ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ, ಮೇಲಿನ ಗೆರೆಗಿಂತ ಒಂದು ಕೂದಲು ಕೆಳಗೇ ನಿಲ್ಲಿಸಿ. ನೂರು ಕಿಲೋಮೀಟರ್ ಓಡಿಸಿ ಟ್ರಿಮ್ ಬರೆದುಕೊಳ್ಳಿ. ಐನೂರಕ್ಕೆ, ಸಾವಿರಕ್ಕೆ ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಗೇಜ್ ಎಳೆದು ಮಟ್ಟ ನೋಡಿ, ಫಿಲ್ಟರ್ ಪೇಪರಿನ ಮೇಲೆ ಇನ್ನೊಂದು ಹನಿ ಬಿಟ್ಟು ಹಳೆಯ ಕಲೆಯ ಪಕ್ಕದಲ್ಲಿಟ್ಟು ಹೋಲಿಸಿ.