ಗೋಳಿಬಜೆಯ ಎದುರು ಮೂರು ಅಳತೆಗೋಲು

ಹೋದ ಮಳೆಗಾಲದಲ್ಲಿ ನನ್ನ ಫಾಸ್ಟಿಂಗ್ ಶುಗರ್ 112 ಬಂತು. "ಮಾತ್ರೆ ಈಗಲೇ ಬೇಡ. ದಿನಾ ನಡೀರಿ, ಕುರುಕಲು ತಿಂಡಿ ಬಿಡಿ" ಎಂದರು ಡಾಕ್ಟರು. ಬಾವನೂ ಹೆಚ್ಚುಕಡಿಮೆ ಅದೇ ಮಾತು ಕೇಳಿಕೊಂಡು ಬಂದಿದ್ದರು. ಮನಸ್ಸೇನೋ ಇದೆ ಅಂತ ಇಬ್ಬರೂ ಹೇಳಿದೆವು. "ಎಷ್ಟುಂಟು ಮನಸ್ಸು?" ಎಂದು ಅಕ್ಕ ಕೇಳಿದಾಗ ಉತ್ತರ ಇರಲಿಲ್ಲ. ಹಾಗೆ ಶುರುವಾಯಿತು ಇದು. ಮನಸ್ಸನ್ನು ಅಳೆಯುವ ಮೂರು ವಿಧಾನ ಹುಡುಕಿ, ಎರಡು ತಿಂಗಳು ನಮ್ಮ ಮೇಲೆಯೇ ಪ್ರಯೋಗ ಮಾಡಿದೆವು. ನಡಿಗೆ ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ. ತಿಂಡಿಯ ಪರೀಕ್ಷೆಗೆ ಉಡುಪಿಯಲ್ಲಿ ಜಾಗ ಹುಡುಕಬೇಕಾ?

ಮೊದಲನೆಯದು ಹಂತಗಳ ಲೆಕ್ಕ. ಪ್ರೊಚಾಸ್ಕ, ಡಿಕ್ಲೆಮೆಂಟೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1980ರ ದಶಕದ ಆರಂಭದಲ್ಲಿ ಸಿಗರೇಟು ಬಿಡುವವರನ್ನು ನೋಡಿ ಕಟ್ಟಿದ್ದು. ಯೋಚನೆಯೇ ಇಲ್ಲ, ಆರು ತಿಂಗಳೊಳಗೆ ನೋಡೋಣ, ಈ ತಿಂಗಳೇ ಶುರು, ಶುರು ಮಾಡಿದ್ದೇನೆ, ಆರು ತಿಂಗಳು ದಾಟಿದೆ. ಇದರಲ್ಲಿ ನೀವೆಲ್ಲಿ ಅಂತ ಗುರುತು ಹಾಕಿದರೆ ಮುಗಿಯಿತು. ಎರಡು ನಿಮಿಷದ ಕೆಲಸ. ಆದರೆ ಒಂದು ಗುರುತು ಹಾಕಿದ ಮೇಲೆ ವಾರಗಟ್ಟಲೆ ಅಲ್ಲೇ. ಬಾವ 'ಈ ತಿಂಗಳೇ ಶುರು' ಎಂಬಲ್ಲಿ ಎರಡು ತಿಂಗಳೂ ಇದ್ದರು! ಒಂದು ಉಪಕಾರ ಮಾತ್ರ ಆಯಿತು. ನಡಿಗೆಗೆ ಬೇರೆ, ತಿಂಡಿಗೆ ಬೇರೆ ಗುರುತು ಹಾಕಿದಾಗ ನಾನು ನಡಿಗೆಯಲ್ಲಿ ನಾಲ್ಕನೇ ಹಂತ, ತಿಂಡಿಯಲ್ಲಿ ಎರಡನೇ ಹಂತ. 'ಆರೋಗ್ಯದ ಆಸೆ' ಅಂತ ಒಂದೇ ಇಲ್ಲ, ಎರಡಿವೆ.

ಎರಡನೆಯದು ಸೊನ್ನೆಯಿಂದ ಹತ್ತರ ಅಳತೆಗೋಲು. ಅಭ್ಯಾಸ ಬದಲಿಸಲು ನೆರವಾಗಲೆಂದು ವಿಲಿಯಂ ಮಿಲ್ಲರ್, ಸ್ಟೀಫನ್ ರೋಲ್ನಿಕ್ ಎಂಬ ಮನಶ್ಶಾಸ್ತ್ರಜ್ಞರು ಬೆಳೆಸಿದ ಮಾತುಕತೆಯ ಪದ್ಧತಿಯಲ್ಲಿ ಇದನ್ನು ಬಳಸುತ್ತಾರೆ. ಎರಡು ಪ್ರಶ್ನೆ. ಇದು ನಿಮಗೆ ಎಷ್ಟು ಮುಖ್ಯ? ಮಾಡಬಲ್ಲೆ ಅಂತ ಎಷ್ಟು ಧೈರ್ಯ ಇದೆ? ನನಗೆ ಮುಖ್ಯ 9, ಧೈರ್ಯ 4. ನನ್ನ ತೊಂದರೆ ಆಸೆಯದ್ದಲ್ಲ, ಧೈರ್ಯದ್ದು ಅಂತ ಗೊತ್ತಾಗಲು ಇಷ್ಟೇ ಸಾಕಾಯಿತು.

ಇದರ ನಿಜವಾದ ರುಚಿ ಮುಂದಿನ ಪ್ರಶ್ನೆಯಲ್ಲಿದೆ. ಬಾವ ತಿಂಡಿಗೆ 3 ಕೊಟ್ಟರು. "ಬರೀ ಮೂರಾ? ಹತ್ತು ಯಾಕಲ್ಲ?" ಎಂದಳು ಅಕ್ಕ. ತಕ್ಷಣ ಬಂತು ನೆಪಗಳ ಮಾಲೆ: ಮಳೆ, ಆಫೀಸು, ನೆಂಟರು, ಮನೆಯಲ್ಲೇ ಹುರಿದ ಹಲಸಿನ ಹಪ್ಪಳ. ಪದ್ಧತಿ ಹೇಳುವುದು ಉಲ್ಟಾ ಕೇಳಿ ಅಂತ. "ಮೂರು ಯಾಕೆ ಬಾವ? ಒಂದು ಯಾಕಲ್ಲ?" ಎಂದೆ ನಾನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಪ್ಪನಿಗೂ ಶುಗರ್ ಇತ್ತಲ್ಲ ಮಾರಾಯ" ಎಂದರು. ಅಷ್ಟು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ನಾನು ಕೇಳಿರಲಿಲ್ಲ.

ಆದರೆ ಈ ಕೋಲು ಗಡಿಯಾರ ನೋಡುತ್ತದೆ. ಬೆಳಿಗ್ಗೆ ಏಳಕ್ಕೆ, ಹೊಟ್ಟೆ ತುಂಬ ದೋಸೆ ತಿಂದು, ತಿಂಡಿ ಬಿಡುವ ಮನಸ್ಸಿಗೆ 9 ಕೊಟ್ಟೆ. ಸಂಜೆ ಐದಕ್ಕೆ, ಮಳೆ ಹೊಯ್ಯುತ್ತಿರುವಾಗ, ಹೋಟೆಲಿನ ಬಾಣಲೆಯಿಂದ ಗೋಳಿಬಜೆ ಏಳುವ ಹೊತ್ತಿಗೆ, ಅದೇ ನಾನು 3. ಹಾಗಾಗಿ ತಿಂಡಿಯ ವಿಷಯದಲ್ಲಿ ಬೆಳಗಿನ ಅಂಕಿಯನ್ನು ನಾನು ನಂಬುವುದಿಲ್ಲ.

ಮೂರನೆಯದು ಜಾಸ್ತಿ ಕೆಲಸದ್ದು. ಬ್ರೆಕ್-2 ಅಂತ ಕರೆಯುವ 19 ಪ್ರಶ್ನೆಗಳ ಪಟ್ಟಿ, 2004ರದ್ದು. ಒತ್ತಾಯಕ್ಕೆ ಮಾಡಿದ್ದಕ್ಕಿಂತ ಸ್ವಂತ ಇಷ್ಟದಿಂದ ಮಾಡಿದ್ದು ಹೆಚ್ಚು ಬಾಳುತ್ತದೆ ಎನ್ನುವ, ಮನಶ್ಶಾಸ್ತ್ರಜ್ಞರಾದ ಡೆಸಿ, ರಯಾನ್ ಅವರ ಸಿದ್ಧಾಂತ ಇದರ ಬೇರು. ಎಷ್ಟು ಮನಸ್ಸಿದೆ ಎಂದು ಕೇಳುವ ಬದಲು ಯಾಕೆ ಮನಸ್ಸಿದೆ ಎಂದು ಇದು ಕೇಳುತ್ತದೆ. ಬೇರೆಯವರು ಹೇಳಿದರು ಅಂತಲಾ, ಮಾಡದಿದ್ದರೆ ಮನಸ್ಸು ಚುಚ್ಚುತ್ತದೆ ಅಂತಲಾ, ಲಾಭ ಗೊತ್ತಿದೆ ಅಂತಲಾ, ಖುಷಿಗಾ? ಪ್ರತಿಯೊಂದಕ್ಕೂ 0ಯಿಂದ 4. ಕೊನೆಗೆ ಬೇರೆಯವರ ಒತ್ತಾಯಕ್ಕೆ ಮೈನಸ್, ಖುಷಿಗೆ ಪ್ಲಸ್ ತೂಕ ಹಾಕಿ ಕೂಡಿಸಬಹುದು. ತಳದಲ್ಲಿ ಮೈನಸ್ 24, ತುದಿಯಲ್ಲಿ 20. ಪ್ರಶ್ನೆಗಳನ್ನು ನಾನೇ ಕನ್ನಡಕ್ಕೆ ತಂದುಕೊಂಡೆ, ಒಂದೆರಡು ಕಡೆ ತಿಣುಕಿದೆ.

ನನಗೆ ಬಂದದ್ದು ಮೈನಸ್ 3. ಬಾವನಿಗೆ 12! ದಿನಾ ಪಾರ್ಕಿಗೆ ಹೋಗುವವನು ನಾನು, ಆಗಾಗ ತಪ್ಪಿಸುವವರು ಅವರು. ಆಮೇಲೆ ಅರ್ಥವಾಯಿತು. ನಾನು ಡಾಕ್ಟರ ಹೆದರಿಕೆಗೆ ಸುತ್ತು ಹೊಡೆಯುತ್ತಿದ್ದೆ. ಬಾವ ಹೋದ ದಿನ ನಾಲ್ಕು ಜನರ ಹತ್ತಿರ ಮಾತಾಡಿ, ನಕ್ಕು, ಇನ್ನೊಂದು ಸುತ್ತು ಹಾಕಿ ಬರುತ್ತಿದ್ದರು. ಮುಂದಿನ ರಿಪೋರ್ಟಿನಲ್ಲಿ ನನ್ನ ಶುಗರ್ 98 ಆಯಿತು. ಹೆದರಿಕೆ ಹೋಯಿತು, ಮರುವಾರ ಮೂರು ದಿನ ಮಲಗಿಬಿಟ್ಟೆ. ಪಟ್ಟಿ ಮೊದಲೇ ಹೇಳಿತ್ತು ಅನ್ನಬಹುದು. ಈಗ ಬಾವನ ಜೊತೆಗೇ ಹೊರಡುತ್ತೇನೆ.

ಆದರೆ ಇದು ವ್ಯಾಯಾಮಕ್ಕೆ ಮಾಡಿದ ಪಟ್ಟಿ. ತಿಂಡಿಗೆ ಹೊಂದಿಸಲು ಹೋದೆ, 'ಚಕ್ಕುಲಿ ತಿನ್ನದಿರುವುದು ನನಗೆ ಖುಷಿ ಕೊಡುತ್ತದೆ' ಎಂಬಲ್ಲಿಗೆ ಅಕ್ಕ ನಕ್ಕು ಪೆನ್ನು ಕಸಿದುಕೊಂಡಳು.

ಮೊಬೈಲಿನ ಹೆಜ್ಜೆ ಲೆಕ್ಕವನ್ನು ಇದರಲ್ಲಿ ಸೇರಿಸಲಿಲ್ಲ. ಅದು ಕಾಲನ್ನು ಅಳೆಯುತ್ತದೆ, ಮನಸ್ಸನ್ನಲ್ಲ. ಹತ್ತು ಸಾವಿರ ಎಂಬ ಗುರಿಯೂ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹಬ್ಬಿದ್ದು.

ಈಗ ನಡಿಗೆಗೆ 19 ಪ್ರಶ್ನೆ, ಮೂರು ತಿಂಗಳಿಗೊಮ್ಮೆ. ತಿಂಡಿಗೆ ಸಂಜೆ ಐದರ ಅಂಕಿ, ಅಡುಗೆಮನೆ ಕ್ಯಾಲೆಂಡರಿನ ಮೇಲೆ. ನಿನ್ನೆ ನನ್ನದು 5, ಬಾವನದು 2. ತಟ್ಟೆ ಆಗಲೇ ಕೈಯಲ್ಲಿತ್ತು.

"ಎರಡು ಯಾಕೆ? ಸೊನ್ನೆ ಯಾಕಲ್ಲ?" ಎಂದಳು ಅಕ್ಕ.

"ಚಟ್ನಿ ಬೇಡ ಅಂದೆನಲ್ಲ" ಎಂದರು ಬಾವ.