ಸಿಎ ಇಂಟರ್‌ಗೆ ‘ಪರ್ಸನಲ್ ಸ್ಟಡಿ ಪ್ಲಾನ್’ ಮಾರುವವರ ಬಗ್ಗೆ ಮುಂಬೈ ಕನ್ನಡಿಗರಿಗೆ ಒಂದು ಎಚ್ಚರಿಕೆ

ಕ್ಲಾಸಿಗೆ ಹೋಗದೆ ಮನೆಯಲ್ಲೇ ಓದಿ ಸಿಎ ಇಂಟರ್ (ಚಾರ್ಟರ್ಡ್ ಅಕೌಂಟೆಂಟ್ ಆಗುವ ಮೂರು ಹಂತಗಳಲ್ಲಿ ಎರಡನೆಯ ಪರೀಕ್ಷೆ) ಬರೆಯಬೇಕು ಅಂತ ಇದ್ದೀರಾ? ಹಾಗಾದರೆ ಯಾರಿಗೂ ದುಡ್ಡು ಕಳಿಸುವ ಮುಂಚೆ ಇದನ್ನು ಪೂರ್ತಿ ಓದಿ. ಮನೆಯಲ್ಲಿ ಓದುವವರನ್ನೇ ಹುಡುಕಿಕೊಂಡು ಬರುವ ಒಂದು ವ್ಯಾಪಾರ ಶುರುವಾಗಿದೆ. ‘ಓದುವುದು ನೀವು, ಪ್ಲಾನ್ ಮಾಡಿಕೊಡುವುದು ನಾವು’ ಅನ್ನುತ್ತಾರೆ. ಅದಕ್ಕೆ ಮೆಂಟರ್‌ಶಿಪ್ ಅಂತ ಹೆಸರು. ನಾನು ದುಡ್ಡು ಕೊಟ್ಟು ಸೇರಿದ್ದೆ. ದುಡ್ಡೂ ಹೋಯಿತು, ಒಂದು ಅಟೆಂಪ್ಟೂ ಹೋಯಿತು.

ಯಾರು ಅಂತ ಹೆಸರು ಬರೆಯುತ್ತಿಲ್ಲ. ನನ್ನ ದೂರು ಇನ್ನೂ ಮುಗಿದಿಲ್ಲ. ಹೆಸರಿಗಿಂತ ಅವರು ಮಾರುವ ರೀತಿ ನಿಮಗೆ ಗೊತ್ತಾಗಬೇಕು. ಇವತ್ತು ಒಂದು ಹೆಸರು, ನಾಳೆ ಇನ್ನೊಂದು ಹೆಸರು ಇಟ್ಟುಕೊಂಡು ಬರುತ್ತಾರೆ.

ನಮ್ಮ ಮನೆ ಡೊಂಬಿವಲಿಯಲ್ಲಿ. ಅಪ್ಪ ಘಾಟ್ಕೋಪರ್‌ನ ಒಂದು ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಾರೆ. ನಾನು ಸಿಎಯ ಮೊದಲ ಹಂತ ಫೌಂಡೇಶನ್ ಪಾಸಾದ ವರ್ಷ ನಮ್ಮ ಸಮಾಜದ ಸಂಘವೊಂದು ವಿದ್ಯಾರ್ಥಿವೇತನ ಕೊಟ್ಟಿತು. ಆ ಕಾರ್ಯಕ್ರಮಕ್ಕೆ ಬಂದ ಮಕ್ಕಳಿಗಾಗಿ ಒಂದು ವಾಟ್ಸಾಪ್ ಗ್ರೂಪ್ ಆಯಿತು. ಸ್ವಲ್ಪ ದಿನಕ್ಕೆ ಅದೇ ಗ್ರೂಪ್‌ನಿಂದ ನನ್ನ ನಂಬರ್ ತೆಗೆದುಕೊಂಡು ಒಬ್ಬರು ಫೋನ್ ಮಾಡಿದರು. ಸೊಗಸಾದ ಕನ್ನಡ. ಊರು ಯಾವುದು, ಮನೆತನ ಯಾವುದು ಎಂದು ವಿಚಾರಿಸಿದರು. ಅಮ್ಮನ ಹತ್ತಿರ ತುಳುವಿನಲ್ಲೇ ಮಾತಾಡಿದರು. ‘ನಮ್ಮ ಮಕ್ಕಳು ಮೇಲೆ ಬರಬೇಕು ಅಮ್ಮಾ’ ಎಂದರು. ಸಂಘದವರಿಗೂ ಇದಕ್ಕೂ ಸಂಬಂಧ ಇರಲಿಲ್ಲ, ಅವರಿಗೆ ವಿಷಯವೇ ಗೊತ್ತಿರಲಿಲ್ಲ. ಆದರೆ ಸಂಘದ ಗ್ರೂಪ್‌ನಲ್ಲಿ ಇರುವವರು ಅನ್ನುವುದೇ ನಮ್ಮ ಮನೆಯವರಿಗೆ ಸಾಕಾಯಿತು. ಊರು ಬಿಟ್ಟು ಬಂದವರಿಗೆ ನಮ್ಮವರು ಅನ್ನುವ ನಂಬಿಕೆ ದೊಡ್ಡದು, ಅಲ್ವಾ? ಅದನ್ನೇ ಇವರು ಬಂಡವಾಳ ಮಾಡಿಕೊಂಡಿದ್ದಾರೆ. ನನಗೆ ಇವತ್ತಿಗೂ ಜಾಸ್ತಿ ಸಿಟ್ಟು ಬರುವುದು ಈ ಒಂದು ವಿಷಯಕ್ಕೆ.

ಫೀಸು ಅಪ್ಪನ ಒಂದು ತಿಂಗಳ ಸಂಬಳಕ್ಕೆ ಹತ್ತಿರವಿತ್ತು. ಅದಕ್ಕೆ ಅವರು ಹೇಳಿದ್ದು ಇಷ್ಟು: ನನಗಾಗಿಯೇ ಮಾಡಿದ ಪ್ಲಾನ್, ಅಪ್‌ಡೇಟ್ ಆದ ನೋಟ್ಸ್, ಸಿಎ ಆದವರೇ ತಿದ್ದುವ ಟೆಸ್ಟ್ ಸೀರೀಸ್, ವಾರಕ್ಕೊಮ್ಮೆ ಮೆಂಟರ್ ಫೋನ್, ಪಾಸಾಗದಿದ್ದರೆ ಹಣ ವಾಪಸ್.

ಪ್ಲಾನ್ ಒಂದು ಎಕ್ಸೆಲ್ ಹಾಳೆ. ಮೇಲೆ ನನ್ನ ಹೆಸರಿತ್ತು. ಬೆಳಿಗ್ಗೆ ಐದರಿಂದ ರಾತ್ರಿ ಹತ್ತೂವರೆವರೆಗೆ ಓದು. ನನಗೆ ಬಿಕಾಂ ಕೊನೆಯ ಸೆಮಿಸ್ಟರ್ ಪರೀಕ್ಷೆ ಏಪ್ರಿಲ್‌ನಲ್ಲಿದೆ, ಕಾಲೇಜಿಗೆ ಹೋಗಿಬರಲು ಲೋಕಲ್‌ನಲ್ಲೇ ದಿನಕ್ಕೆ ಎರಡೂವರೆ ಗಂಟೆ ಹೋಗುತ್ತದೆ ಎಂದು ಫಾರ್ಮಿನಲ್ಲಿ ಬರೆದುಕೊಟ್ಟಿದ್ದೆ. ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಭಾಂಡುಪ್‌ನ ಒಬ್ಬ ಗೆಳತಿಯೂ ಸೇರಿದ್ದಳು. ಅವಳು ಹಗಲು ಕೆಲಸಕ್ಕೆ ಹೋಗಿ ರಾತ್ರಿ ಓದುವವಳು. ಇಬ್ಬರ ಹಾಳೆ ಪಕ್ಕಪಕ್ಕ ಇಟ್ಟು ನೋಡಿದೆವು. ಹೆಸರು ಬಿಟ್ಟರೆ ಒಂದು ಅಕ್ಷರ ಬೇರೆ ಇರಲಿಲ್ಲ.

ಇನ್ನೂ ಕೆಟ್ಟದ್ದೆಂದರೆ, ಹಾಳೆಯಲ್ಲಿ ಪ್ರತಿ ವಿಷಯ ಒಂದೇ ಸಲ ಬರುತ್ತಿತ್ತು. ಟ್ಯಾಕ್ಸ್ ಮೊದಲ ತಿಂಗಳಿಗೆ ಮುಗಿದರೆ ಮತ್ತೆ ಪರೀಕ್ಷೆಯ ಹಿಂದಿನ ದಿನವೇ ಅದರ ಹೆಸರು. ಆಡಿಟ್ ಅಂತೂ ಕೊನೆಯ ಹತ್ತು ದಿನಕ್ಕೆ ತಳ್ಳಿದ್ದರು. ಆಡಿಟಿಂಗ್ ಸ್ಟ್ಯಾಂಡರ್ಡ್‌ಗಳ ಮಾತನ್ನು ಅದರದೇ ಪದಗಳಲ್ಲಿ ಬರೆದರೆ ಒಳ್ಳೆಯ ಅಂಕ ಬರುವ ಪೇಪರ್ ಅದು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದ ನಮ್ಮಂಥವರಿಗೆ ಆ ಇಂಗ್ಲಿಷ್ ಕೈಗೆ ಹತ್ತಲು ತಿಂಗಳುಗಟ್ಟಲೆ ಬರೆದು ಬರೆದು ರೂಢಿಯಾಗಬೇಕು.

ಈಗ ಟ್ಯಾಕ್ಸ್ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನನ್ನ ಅಟೆಂಪ್ಟ್ ಹೋಗಿದ್ದು ಇಲ್ಲೇ.

ನನ್ನ ಪರೀಕ್ಷೆ 2025ರ ಮೇನಲ್ಲಿ. ಅದಕ್ಕೆ ಅನ್ವಯವಾಗಿದ್ದು 2024–25ರ ಆದಾಯಕ್ಕೆ ತೆರಿಗೆ ಲೆಕ್ಕ ಹಾಕುವ 2025–26ರ ಅಸೆಸ್‌ಮೆಂಟ್ ಇಯರ್. ಅಂದರೆ 2024ರ ಜುಲೈ 23ರ ಬಜೆಟ್‌ನಲ್ಲಿ ಆದ ಬದಲಾವಣೆಗಳೆಲ್ಲ ಬರುತ್ತವೆ. ಅವು ಸಣ್ಣ ಬದಲಾವಣೆಗಳಲ್ಲ. ಲಿಸ್ಟೆಡ್ ಷೇರಿನ ಅಲ್ಪಾವಧಿ ಲಾಭದ ತೆರಿಗೆ 15%ರಿಂದ 20%ಕ್ಕೆ ಏರಿತು. ದೀರ್ಘಾವಧಿ ಲಾಭಕ್ಕೆ 10% ಇದ್ದದ್ದು 12.5% ಆಯಿತು, ವಿನಾಯಿತಿ ಮಿತಿ 1 ಲಕ್ಷದಿಂದ 1.25 ಲಕ್ಷ ಆಯಿತು. ಬೇರೆ ಆಸ್ತಿಗಳಿಗೆ ಇಂಡೆಕ್ಸೇಷನ್ (ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸುವುದು) ಹಾಕಿ 20% ಲೆಕ್ಕ ಮಾಡುವ ಹಳೆಯ ರೀತಿ ಹೋಯಿತು. ಜುಲೈ 23ಕ್ಕೆ ಮುಂಚೆ ಕೊಂಡ ಜಮೀನು, ಮನೆಗೆ ಮಾತ್ರ ವ್ಯಕ್ತಿಗಳಿಗೂ ಅವಿಭಕ್ತ ಕುಟುಂಬಗಳಿಗೂ ಎರಡೂ ರೀತಿ ಹೋಲಿಸುವ ಅವಕಾಶ ಉಳಿಯಿತು. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದವರ ಆದಾಯದಿಂದ ನೇರವಾಗಿ ಕಳೆಯುವ ಸ್ಟ್ಯಾಂಡರ್ಡ್ ಡಿಡಕ್ಷನ್ 50,000ದಿಂದ 75,000ಕ್ಕೆ ಹೋಯಿತು. ಸ್ಲ್ಯಾಬ್‌ಗಳೂ ಬದಲಾದವು. ಅದೇ ವರ್ಷದೊಳಗೆ ಜುಲೈ 23ರ ಹಿಂದಿನ ಮಾರಾಟಕ್ಕೆ ಒಂದು ದರ, ಆಮೇಲಿನದಕ್ಕೆ ಇನ್ನೊಂದು ದರ. ಹಾಗಾಗಿ ಲೆಕ್ಕದಲ್ಲಿ ತಾರೀಖು ನೋಡುವುದೇ ದೊಡ್ಡ ಕೆಲಸ.

ಇವರು ‘ಅಪ್‌ಡೇಟ್ ಆಗಿದೆ’ ಎಂದು ಕೊಟ್ಟ ನೋಟ್ಸ್‌ನ ಹೊದಿಕೆಯ ಮೇಲೆ ಮೇ 2025 ಎಂದು ಅಚ್ಚಾಗಿತ್ತು. ಒಳಗೆ ಎಲ್ಲ ಹಿಂದಿನ ವರ್ಷದ ದರ. 15%, ಇಂಡೆಕ್ಸೇಷನ್, 50,000. ಲೆಕ್ಕಗಳೂ ಅವೇ, ಉತ್ತರಗಳೂ ಅವೇ. ನಾನು ಅವನ್ನೇ ಬರೆದು ಬರೆದು ಕೈಗೆ ಹತ್ತಿಸಿಕೊಂಡಿದ್ದೆ. ಸ್ಟೇಷನ್ ಹತ್ತಿರದ ಅಭ್ಯಾಸಿಕೆಯಲ್ಲಿ (ಮಕ್ಕಳು ಕೂತು ಓದುವ ಜಾಗ) ಪಕ್ಕ ಕೂತ ಒಬ್ಬ ಮರಾಠಿ ಹುಡುಗ ನನ್ನ ಹಾಳೆ ನೋಡಿ ‘ಇದು ಯಾವ ಅಟೆಂಪ್ಟ್‌ದು?’ ಎಂದು ಕೇಳಿದಾಗಲೇ ಗೊತ್ತಾಗಿದ್ದು. ಅವನ ಮುಂದೆ ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐಯ ಸ್ಟಡಿ ಮಟೀರಿಯಲ್ ಇತ್ತು. ಆಗ ಪರೀಕ್ಷೆಗೆ ವಾರಗಳು ಮಾತ್ರ ಉಳಿದಿದ್ದವು.

ಹೊಸದನ್ನು ಕಲಿಯುವುದಕ್ಕಿಂತ ಕೈಗೆ ಹತ್ತಿದ ತಪ್ಪನ್ನು ಬಿಡುವುದು ಕಷ್ಟ. ಪರೀಕ್ಷೆಯ ಕೋಣೆಯಲ್ಲಿ ಎರಡೂ ದರ ತಲೆಯಲ್ಲಿ ಗಿರ್‍ರೆನ್ನುತ್ತಿದ್ದವು. ಟ್ಯಾಕ್ಸ್‌ನಲ್ಲಿ 40 ಬರಲಿಲ್ಲ. ಇಂಟರ್‌ನ ಆರು ಪೇಪರ್‌ಗಳು ಮೂರು ಮೂರರಂತೆ ಎರಡು ಗ್ರೂಪ್. ಇಂಟರ್‌ನಲ್ಲಿ ಪ್ರತಿ ಪೇಪರ್‌ಗೆ ಕನಿಷ್ಠ 40, ಗ್ರೂಪ್ ಒಟ್ಟು ಸೇರಿ 50% ಬೇಕು. ಅಕೌಂಟ್ಸ್, ಲಾ ಎರಡರಲ್ಲೂ ಒಳ್ಳೆಯ ಅಂಕ ಇದ್ದರೂ ಮೊದಲ ಗ್ರೂಪ್ ಹೋಯಿತು.

ನೋಟ್ಸ್ ಬಗ್ಗೆ ಮೆಂಟರ್‌ಗೆ ಹೇಳಿದ್ದೆ. ವಾರಕ್ಕೊಮ್ಮೆ ಅಂದ ಫೋನ್ ಐದು ನಿಮಿಷಕ್ಕೆ ಮುಗಿಯುತ್ತಿತ್ತು, ಪ್ರತಿ ಸಲ ಬೇರೆ ಬೇರೆ ದನಿ. ‘ಅಮೆಂಡ್‌ಮೆಂಟ್ ಕೊನೆಯಲ್ಲಿ ಕಳಿಸುತ್ತೇವೆ, ಟೆನ್ಶನ್ ತೆಗೆದುಕೊಳ್ಳಬೇಡ’ ಎಂದರು. ಬರಲೇ ಇಲ್ಲ.

ಟೆಸ್ಟ್ ಸೀರೀಸ್ ಕಥೆ ಚಿಕ್ಕದು. ಪ್ರಶ್ನೆಗಳು ಐಸಿಎಐ ತನ್ನ ವೆಬ್‌ಸೈಟಿನಲ್ಲಿ ಉಚಿತವಾಗಿ ಹಾಕುವ ಮಾಕ್ ಟೆಸ್ಟ್ ಪೇಪರ್‌ಗಳದ್ದು. ಮೇಲೆ ಇವರ ಲೋಗೋ ಅಂಟಿಸಿದ್ದರು, ಅಷ್ಟೇ. ತಿದ್ದಿ ಬಂದ ಹಾಳೆಯಲ್ಲಿ ಒಂದು ಅಂಕ, ಕೆಳಗೆ ‘ಗುಡ್, ಇಂಪ್ರೂವ್ ಪ್ರೆಸೆಂಟೇಶನ್’. ಗೆಳತಿಯ ಹಾಳೆಯಲ್ಲೂ ಅದೇ ಸಾಲು. ಲಾ ಪೇಪರ್‌ನಲ್ಲಿ ಅವಳು ತಪ್ಪು ಸೆಕ್ಷನ್ ನಂಬರ್ ಬರೆದಿದ್ದಳು, ಅದರ ಕೆಳಗೆ ಒಂದು ಗೆರೆಯೂ ಇರಲಿಲ್ಲ. ಈಗಿನ ಸ್ಕೀಮ್‌ನಲ್ಲಿ ಪ್ರತಿ ಪೇಪರ್‌ನಲ್ಲೂ 30 ಅಂಕ ಬಹು ಆಯ್ಕೆ ಪ್ರಶ್ನೆಗಳಿಗೆ. ಅದರಲ್ಲಿ ಉದ್ದದ ಕೇಸ್ ಓದಿ ಉತ್ತರಿಸುವವೂ ಇರುತ್ತವೆ. ಇವರ ಟೆಸ್ಟ್‌ಗಳಲ್ಲಿ ಆ ಭಾಗವನ್ನೇ ಕತ್ತರಿಸಿದ್ದರು, ತಿದ್ದುವ ಕೆಲಸ ಕಡಿಮೆಯಾಗಲಿ ಅಂತ ಇರಬೇಕು.

ರಿಸಲ್ಟ್ ಬಂದ ಮೇಲೆ ಹಣ ವಾಪಸ್ ಕೇಳಿದೆವು. ಆಗ ನಿಯಮಗಳ ಪಿಡಿಎಫ್ ಬಂತು. ಎಲ್ಲ ಟೆಸ್ಟ್‌ಗಳನ್ನೂ ಅವರು ಹೇಳಿದ ದಿನವೇ ಕೊಟ್ಟಿರಬೇಕಂತೆ. ಅದರಲ್ಲಿ ಎರಡು ಟೆಸ್ಟ್ ನನ್ನ ಬಿಕಾಂ ಪರೀಕ್ಷೆಯ ದಿನವೇ ಇದ್ದವು. ಅಪ್ಪ ಫೋನ್ ಮಾಡಿದರೆ ಆ ಸೊಗಸಾದ ಕನ್ನಡದವರು ಈಗ ಹಿಂದಿಯಲ್ಲಿ ಮಾತಾಡಿದರು.

ಇಂಥ ಕಡೆ ದುಡ್ಡು ಕೊಡುವ ಮುಂಚೆ ನೋಡಬೇಕಾದ ಕೆಲವು ಗುರುತುಗಳನ್ನು ಹೇಳುತ್ತೇನೆ. ನಮ್ಮಿಂದ ಹಣ ಹೋಗಿದ್ದು ಒಬ್ಬ ವ್ಯಕ್ತಿಯ ಯುಪಿಐಗೆ. ರಶೀದಿಯಲ್ಲಿ ಜಿಎಸ್‌ಟಿ ನಂಬರ್ ಇರಲಿಲ್ಲ. ಖಾಸಗಿ ಕೋಚಿಂಗ್‌ಗೆ 18% ಜಿಎಸ್‌ಟಿ ಇದೆ. ವರ್ಷಕ್ಕೆ 20 ಲಕ್ಷ ದಾಟಿದ ವಹಿವಾಟಿಗೆ ನೋಂದಣಿ ಕಡ್ಡಾಯ. ಸಾವಿರಾರು ವಿದ್ಯಾರ್ಥಿಗಳಿದ್ದಾರೆ ಎಂದು ಹೇಳಿಕೊಳ್ಳುವವರು ಜಿಎಸ್‌ಟಿ ನಂಬರ್ ಕೊಡದಿದ್ದರೆ ಅಲ್ಲೇ ನಿಲ್ಲಿಸಿ. ಕೊಟ್ಟರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಲಾಗಿನ್ ಬೇಕಿಲ್ಲ, ಯಾರ ಹೆಸರಿನಲ್ಲಿದೆ ಅಂತ ಕಾಣುತ್ತದೆ.

ಪೋಸ್ಟರ್‌ನಲ್ಲಿ ಪಾಸಾದವರ ಫೋಟೋಗಳಿದ್ದವು. ಅದರಲ್ಲಿ ಒಬ್ಬರು ನಮ್ಮ ಕಾಲೇಜಿನ ಸೀನಿಯರ್. ಅವರನ್ನು ಆಮೇಲೆ ಕೇಳಿದರೆ, ಒಂದು ಉಚಿತ ವೆಬಿನಾರ್‌ಗೆ ಹೆಸರು ಕೊಟ್ಟಿದ್ದೆ ಅಷ್ಟೇ ಎಂದರು. ಕೋಚಿಂಗ್ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ಖಂಡಿತ ಪಾಸು ಎಂಬ ಸುಳ್ಳು ಭರವಸೆ ಕೊಡುವಂತಿಲ್ಲ. ಪಾಸಾದವರ ಲಿಖಿತ ಒಪ್ಪಿಗೆ ಇಲ್ಲದೆ ಫೋಟೋ ಹಾಕುವಂತಿಲ್ಲ. ಅವರು ಯಾವ ಕೋರ್ಸ್ ತೆಗೆದುಕೊಂಡಿದ್ದರು ಎಂದೂ ಹೇಳಬೇಕು. ಹಾಗಾಗಿ ಫೋಟೋ ತೋರಿಸಿದರೆ ‘ಇವರು ಯಾವ ಕೋರ್ಸ್?’ ಎಂದು ಧೈರ್ಯವಾಗಿ ಕೇಳಿ.

‘90 ದಿನದಲ್ಲಿ ಎರಡೂ ಗ್ರೂಪ್’ ಎನ್ನುವವರಿಂದ ದೂರ ಇರಿ. ಇಂಟರ್‌ಗೆ ನೋಂದಣಿ ಆದ ಮೇಲೆ ಪರೀಕ್ಷೆಗೆ ಕೂರಲು 8 ತಿಂಗಳಾಗಿರಬೇಕು ಅಂತ ಐಸಿಎಐಯೇ ನಿಯಮ ಮಾಡಿದೆ. ಆರು ಪೇಪರ್‌ಗೆ ಅಷ್ಟು ಸಮಯ ಬೇಕು ಅಂತಲೇ ತಾನೇ?

ನನ್ನ ಮುಂದಿನ ಓದು ಪೂರ್ತಿ ಉಚಿತ ಸಾಮಗ್ರಿಯಲ್ಲೇ ನಡೆಯಿತು, ಪಾಸೂ ಆದೆ. ಐಸಿಎಐಯ ಸ್ಟಡಿ ಮಟೀರಿಯಲ್, ಹಿಂದಿನ ಪರೀಕ್ಷೆಗಳ ಸಜೆಸ್ಟೆಡ್ ಆನ್ಸರ್‌ಗಳು, ಪ್ರತಿ ಅಟೆಂಪ್ಟ್‌ಗೂ ಬರುವ ರಿವಿಜನ್ ಟೆಸ್ಟ್ ಪೇಪರ್, ಮಾಕ್ ಟೆಸ್ಟ್ ಎಲ್ಲ ವೆಬ್‌ಸೈಟಿನಲ್ಲಿ ಸಿಗುತ್ತವೆ. ಉಚಿತ ಲೈವ್ ಕ್ಲಾಸ್‌ಗಳೂ ಇವೆ. ಯಾವ ಭಾಗಕ್ಕೆ ಎಷ್ಟು ಅಂಕ ಎಂಬ ವೇಟೇಜ್ ಪಟ್ಟಿಯನ್ನೂ ಅವರೇ ಕೊಡುತ್ತಾರೆ. ನನ್ನ ಟೈಮ್‌ಟೇಬಲ್ ಆ ಪಟ್ಟಿಯಿಂದಲೇ ಶುರುವಾಯಿತು. ಪ್ರತಿ ವಿಷಯ ಕನಿಷ್ಠ ಮೂರು ಸಲ ಬರುವಂತೆ ಹಾಕಿಕೊಂಡೆ. ಭಾನುವಾರ ಸಂಜೆ ಖಾಲಿ ಇಟ್ಟೆ, ವಾರದಲ್ಲಿ ಉಳಿದದ್ದಕ್ಕೆ. ಮೂರು ಗಂಟೆ ಕೂತು ಪೂರ್ತಿ ಪೇಪರ್ ಬರೆದು, ಆರ್ಟಿಕಲ್‌ಶಿಪ್ (ಸಿಎ ಕಚೇರಿಯಲ್ಲಿ ಕೆಲಸ ಕಲಿಯುವ ತರಬೇತಿ) ಮಾಡುತ್ತಿದ್ದ ಒಬ್ಬ ಅಕ್ಕನಿಗೆ ತೋರಿಸುತ್ತಿದ್ದೆ. ಅವರು ಸುಮ್ನೆ ಅಂಕ ಹಾಕದೆ ಒಂದೊಂದು ಸಾಲಿಗೂ ಕಾರಣ ಹೇಳಿದರು. ಅಂಥ ಒಬ್ಬರು ನಿಮ್ಮ ಬಿಲ್ಡಿಂಗ್‌ನಲ್ಲೋ ಸಂಘದಲ್ಲೋ ಇದ್ದೇ ಇರುತ್ತಾರೆ, ಕೇಳಿ ನೋಡಿ.

ಗುರಿ ಇಡುವಾಗ ಇನ್ನೊಂದು ವಿಷಯ. ಗ್ರೂಪ್ ಹೋದರೂ ಒಂದು ಪೇಪರ್‌ನಲ್ಲಿ 60 ಬಂದಿದ್ದರೆ ಮುಂದಿನ ಮೂರು ಅಟೆಂಪ್ಟ್‌ಗೆ ಆ ಪೇಪರ್‌ನಿಂದ ವಿನಾಯಿತಿ ಇದೆ. ಅದಕ್ಕೆ ಗ್ರೂಪ್‌ನ ಎಲ್ಲ ಪೇಪರ್ ಬರೆದಿರಬೇಕು. ಹಾಗಾಗಿ ಒಂದು ಪೇಪರ್ ಕೆಟ್ಟಿತು ಅಂತ ಉಳಿದದ್ದಕ್ಕೆ ಹೋಗದೆ ಇರಬೇಡಿ. ಜನವರಿ, ಮೇ, ಸೆಪ್ಟೆಂಬರ್ ಎಂದು ವರ್ಷಕ್ಕೆ ಮೂರು ಅವಕಾಶ ಈಗ ಇವೆ.

ಮುಂದೆ ಬರೆಯುವವರು ಟ್ಯಾಕ್ಸ್ ನೋಟ್ಸ್ ವಿಷಯದಲ್ಲಿ ನನಗಿಂತ ಜಾಸ್ತಿ ಹುಷಾರಾಗಿರಬೇಕು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ಅದರ ಜಾರಿಯ ದಿನ 2026ರ ಏಪ್ರಿಲ್ 1. ಸೆಕ್ಷನ್ ನಂಬರ್‌ಗಳೆಲ್ಲ ಬೇರೆ. ಪ್ರೀವಿಯಸ್ ಇಯರ್, ಅಸೆಸ್‌ಮೆಂಟ್ ಇಯರ್ ಹೋಗಿ ಟ್ಯಾಕ್ಸ್ ಇಯರ್ ಬಂದಿದೆ. ಹಳೆಯ ಸ್ಟಾಕ್‌ಗೆ ಹೊಸ ಹೊದಿಕೆ ಹಾಕಿ ಮಾರುವವರು ಬಂದೇ ಬರುತ್ತಾರೆ. ನಿಮ್ಮ ಅಟೆಂಪ್ಟ್‌ಗೆ ಯಾವ ಕಾನೂನು ಅನ್ವಯ ಎಂದು ಐಸಿಎಐ ಪ್ರಕಟಣೆ ಹೊರಡಿಸುತ್ತದೆ. ಅದನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡೇ ಯಾವ ಪುಸ್ತಕವನ್ನಾದರೂ ಕೊಳ್ಳಿ.

ನಾವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಇದೇ ರೀತಿ ಹಣ ಕಳೆದುಕೊಂಡವರು ನೀವೂ ಕೊಡಿ. ಪೇಮೆಂಟ್ ಸ್ಕ್ರೀನ್‌ಶಾಟ್, ನೋಟ್ಸ್‌ನ ಹೊದಿಕೆ ಮತ್ತು ಒಳಗಿನ ಪುಟದ ಫೋಟೋ, ಮೆಂಟರ್ ಮೆಸೇಜ್‌ಗಳು ಬೇಕಾಗುತ್ತವೆ. ನಾವು ಹಣ ಕೇಳಿದ ಮೇಲೆ ಅವರು ವಾಟ್ಸಾಪ್ ಗ್ರೂಪ್‌ನಲ್ಲಿದ್ದ ತಮ್ಮ ಮೆಸೇಜ್‌ಗಳನ್ನು ಅಳಿಸತೊಡಗಿದರು. ಹಾಗಾಗಿ ಕೇಳುವ ಮುಂಚೆಯೇ ಚಾಟ್ ಎಕ್ಸ್‌ಪೋರ್ಟ್ ಮಾಡಿ ಮೇಲ್‌ಗೆ ಹಾಕಿಟ್ಟುಕೊಳ್ಳಿ.